ಮಾಲೀಕನಿಲ್ಲದ ಅಂಗಡಿ

"ನೀವು ಓದ್ತಾ ಇಲ್ಲ. ಒಪ್ಪಿಸ್ತಾ ಇದ್ದೀರಿ."

ಅವಳು ಅರ್ಧ ಸಾಲಿನಲ್ಲೇ ನಿಲ್ಲಿಸಿದಳು. ಮೂಗಿನ ಮೇಲೆ ಕಣ್ಣು ಪರೀಕ್ಷೆಯ ದಪ್ಪ ಫ್ರೇಮು, ಒಂದು ಕಣ್ಣಿಗೆ ಕಪ್ಪು ಮುಚ್ಚಳ. ಎದುರು ಗೋಡೆಯ ಅಕ್ಷರಗಳ ಫಲಕದಲ್ಲಿ ಮೇಲಿನ ಮೂರು ಸಾಲು ಬಿಟ್ಟರೆ ಉಳಿದದ್ದೆಲ್ಲ ಇರುವೆಗಳ ಮೆರವಣಿಗೆ. ಆದರೂ ಆರನೆಯ ಸಾಲಿನವರೆಗೆ ಒಂದೂ ತಪ್ಪಿಲ್ಲದೆ ಹೇಳಿದ್ದಳು.

"ಇಲ್ಲ... ಕಾಣಿಸುತ್ತೆ," ಎಂದಳು.

ಕನ್ನಡಕದಂಗಡಿಯವನು ಎದ್ದು ಹೋಗಿ ಫಲಕವನ್ನು ಹಿಂದುಮುಂದಾಗಿ ತಿರುಗಿಸಿದ. ಹಿಂಬದಿಯಲ್ಲಿ ಬೇರೆ ಅಕ್ಷರಗಳಿದ್ದವು.

"ಈಗ ಹೇಳಿ."

ಅವಳು ಕಣ್ಣು ಕಿರಿದು ಮಾಡಿ ನೋಡಿದಳು. ಕಿವಿ ಬಿಸಿಯಾಯಿತು.

ನಡೆದದ್ದು ಇಷ್ಟೆ. ಸರದಿಗಾಗಿ ಕಾದ ಇಪ್ಪತ್ತು ನಿಮಿಷದಲ್ಲಿ ಅವಳು ಫಲಕದ ಹತ್ತಿರ ಹೋಗಿ ನಿಂತು ಎಲ್ಲ ಸಾಲುಗಳನ್ನೂ ಬಾಯಿಪಾಠ ಮಾಡಿಕೊಂಡಿದ್ದಳು. ಮೋಸ ಮಾಡುವ ಉದ್ದೇಶವೇನಿರಲಿಲ್ಲ. ಯಾರಾದರೂ ಪ್ರಶ್ನೆ ಕೇಳುತ್ತಾರೆಂದರೆ ಉತ್ತರ ಸಿದ್ಧವಿರಬೇಕು. ಮೂವತ್ತಾರು ವರ್ಷ ಅವಳು ಬದುಕಿದ್ದೇ ಹಾಗೆ.

"ಇಲ್ಲಿ ತಪ್ಪು ಹೇಳಿದ್ರೆ ಯಾರೂ ಮಾರ್ಕ್ಸ್ ಕಳೆಯಲ್ಲ," ಎಂದ ಅವನು. ದನಿಯಲ್ಲಿ ಕುಚೋದ್ಯವಿರಲಿಲ್ಲ. "ನೀವು ತಪ್ಪು ಹೇಳಿದ್ರೇನೇ ನನಗೆ ಕೆಲಸ."

"ಸರಿ... ಏನೂ ಕಾಣಿಸ್ತಿಲ್ಲ."

"ಅಬ್ಬ. ಈಗ ಶುರು ಮಾಡೋಣ."

ಅವನು ಒಂದೊಂದೇ ಗಾಜು ಬದಲಿಸುತ್ತ ಹೋದ. ಅಂಗೈ ಅವಳ ಕೆನ್ನೆಗೆ ತಾಕದಂತೆ ಎಷ್ಟು ಎಚ್ಚರ ವಹಿಸುತ್ತಿದ್ದನೆಂದರೆ ಆ ಎಚ್ಚರವೇ ಅವಳಿಗೆ ತಾಕುತ್ತಿತ್ತು.

"ನಿಮ್ಮದು ಹತ್ತಿರದ ಕೆಲಸವೋ, ದೂರದ್ದೋ?"

"ಮಕ್ಕಳ ಕತೆ ಬರೀತೀನಿ."

ಅವನು ಒಂದು ಕ್ಷಣ ಯೋಚಿಸಿ ಕಾರ್ಡಿನ ಮೇಲೆ ಬರೆದುಕೊಂಡ: ಹತ್ತಿರದ ಕೆಲಸ.

ತನ್ನ ವೃತ್ತಿಯ ಬಗ್ಗೆ ಇಷ್ಟು ಸರಿಯಾಗಿ ಇದುವರೆಗೆ ಯಾರೂ ಹೇಳಿರಲಿಲ್ಲ ಎಂದು ಅವಳಿಗೆ ಅನ್ನಿಸಿತು.

*

ಅವಳ ಕೆಲಸದ ರೀತಿ ಹೊರಗಿನವರಿಗೆ ವಿಚಿತ್ರವಾಗಿ ಕಾಣುತ್ತಿತ್ತು. ಅವಳ ಅಮ್ಮನಿಗಂತೂ ಅದು ಕೆಲಸವೆಂದೇ ಕಾಣುತ್ತಿರಲಿಲ್ಲ.

ಬೆಳಿಗ್ಗೆ ಆರಕ್ಕೆ ಅಡುಗೆಮನೆಯ ಮೇಜಿನ ಮುಂದೆ ಕೂತರೆ ಒಂಬತ್ತೂವರೆಗೆ ಏಳುವುದು. ಬರೆಯುವುದು ಶಾಲಾ ಮಕ್ಕಳ ಗೆರೆ ನೋಟ್‌ಬುಕ್ಕಿನಲ್ಲಿ, ಪೆನ್ಸಿಲಿನಲ್ಲಿ, ಬಲಪುಟದಲ್ಲಿ ಮಾತ್ರ. ಎಡಪುಟ ಮಕ್ಕಳ ಪಾಲು. ಪ್ರತಿ ಶನಿವಾರ ಗ್ರಂಥಾಲಯದ ಮಕ್ಕಳ ಕೋಣೆಯಲ್ಲಿ ಆ ವಾರ ಬರೆದದ್ದನ್ನು ಗಟ್ಟಿಯಾಗಿ ಓದುತ್ತಿದ್ದಳು. ಅಲ್ಲಿ ಅವಳ ಹೆಸರು "ಕತೆ ಅಕ್ಕ". ಕೇಳುವವರು ಎಸೆದ ಪ್ರಶ್ನೆಗಳೆಲ್ಲ ಎಡಪುಟಕ್ಕೆ ಹೋಗುತ್ತಿದ್ದವು. ಆಮೆಗೆ ಬೆನ್ನು ತುರಿಸಿದರೆ ಏನು ಮಾಡುತ್ತೆ? ರಾಜನಿಗೆ ಭಾನುವಾರ ರಜೆ ಇರುತ್ತಾ?

ಓದುವಾಗ ಅವಳು ಮಕ್ಕಳ ಮುಖ ನೋಡುತ್ತಿರಲಿಲ್ಲ. ಮುಖಕ್ಕೆ ಸುಳ್ಳು ಹೇಳುವುದನ್ನು ಶಾಲೆಯಲ್ಲೇ ಕಲಿಸಿರುತ್ತಾರೆ. ಅವಳು ನೋಡುತ್ತಿದ್ದುದು ಕಾಲುಗಳನ್ನು. ಬೆಂಚಿನ ಕೆಳಗೆ ಕಾಲುಗಳು ತೂಗಾಡತೊಡಗಿದರೆ ಆ ವಾಕ್ಯ ಸತ್ತಂತೆ. ಅಲ್ಲೊಂದು ಚುಕ್ಕೆ ಇಟ್ಟುಕೊಂಡು ಮನೆಗೆ ಬಂದು ಮತ್ತೆ ಬರೆಯುತ್ತಿದ್ದಳು.

ಬರವಣಿಗೆಯ ಈ ಚಾಳಿ ಬದುಕಿಗೂ ಅಂಟಿತ್ತು. ನಲ್ಲಿ ರಿಪೇರಿಯವನಿಗೆ ಫೋನ್ ಮಾಡುವುದಿದ್ದರೂ ಏನು ಹೇಳಬೇಕೆಂದು ಮೊದಲು ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದಳು.

"ನಲ್ಲಿ ಸೋರ್ತಿದೆ ಅನ್ನೋಕೆ ಪೀಠಿಕೆ ಬೇರೆ ಬೇಕಾ?" ಎಂದು ಅಮ್ಮ ಗೊಣಗುತ್ತಿದ್ದರು. "ನೀನು ಬರೆದು ಮುಗಿಸೋ ಹೊತ್ತಿಗೆ ಮನೆಯೆಲ್ಲ ಕೆರೆ."

ಇನ್ನೊಂದು ಪದ್ಧತಿಯಿತ್ತು. ಪ್ರತಿ ಪುಸ್ತಕಕ್ಕೆ ಮೊದಲು ಅವಳು ಯಾರದಾದರೂ ಕೆಲಸದ ಜಾಗದಲ್ಲಿ ಹೋಗಿ ಕೂರುತ್ತಿದ್ದಳು. ಒಂದು ಪುಸ್ತಕಕ್ಕೆ ಎರಡು ತಿಂಗಳು ಬೇಕರಿಯಲ್ಲಿ, ಇನ್ನೊಂದಕ್ಕೆ ಸೈಕಲ್ ಶಾಪಿನಲ್ಲಿ. ಪ್ರಶ್ನೆ ಕೇಳುತ್ತಿರಲಿಲ್ಲ. ಸುಮ್ಮನೆ ಕೂತು ನೋಡುವುದು, ಅಷ್ಟೆ.

ಹೊಸ ಕನ್ನಡಕ ತೆಗೆದುಕೊಳ್ಳಲು ಹೋದ ದಿನ ಅವಳ ಕೈಯಲ್ಲಿ ಮಡಿಚಿದ ಚೀಟಿಯಿತ್ತು.

"ಅದೇನು, ಸಾಮಾನಿನ ಪಟ್ಟೀನಾ?" ಅವನು ಕೇಳಿದ.

"ಅಲ್ಲ... ನಿಮ್ಮ ಹತ್ರ ಮಾತಾಡೋದು."

ಅವನು ಕೈ ಚಾಚಿದ. ಬೇರೆ ದಾರಿ ಕಾಣದೆ ಅವಳು ಕೊಟ್ಟಳು. ಅವನು ಗಂಭೀರವಾಗಿ ಓದಿದ.

"ಒಂದು, ನಮಸ್ಕಾರ. ಎರಡು, ಕನ್ನಡಕ ಚೆನ್ನಾಗಿದೆ. ಇನ್ನೂ ಹಾಕ್ಕೊಂಡೇ ಇಲ್ವಲ್ಲ, ಹೇಗೆ ಗೊತ್ತು? ಮೂರು, ನಿಮ್ಮ ಅಂಗಡಿಯ ಮೂಲೆಯಲ್ಲಿ ದಿನಾ ಒಂದು ಗಂಟೆ ಕೂರಬಹುದಾ, ಪುಸ್ತಕಕ್ಕೆ." ತಲೆಯೆತ್ತಿದ. "ನಾನು ಬೇಡ ಅಂದ್ರೆ?"

"ಹಿಂದುಗಡೆ ಇದೆ."

ಅವನು ತಿರುಗಿಸಿ ನೋಡಿದ. 'ಪರವಾಗಿಲ್ಲ, ತೊಂದರೆ ಕೊಟ್ಟಿದ್ದಕ್ಕೆ ಕ್ಷಮಿಸಿ' ಎಂದಿತ್ತು.

ಹಿಂದಿನ ಕುರ್ಚಿಯಲ್ಲಿ ಗಾಜು ಒರೆಸುತ್ತಿದ್ದ ಅವನ ತಾಯಿ ನಗೆ ತಡೆಯಲಾಗದೆ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡರು. ಅವನು ಮಾತ್ರ ನಗಲಿಲ್ಲ. ಒಳಗಿನಿಂದ ಒಂದು ಕುರ್ಚಿ ತಂದು ಮೂಲೆಯಲ್ಲಿಟ್ಟ.

"ಕೂತ್ಕೊಳ್ಳಿ."

*

ಅಂಗಡಿ ಉದ್ದಕ್ಕೆ ಕಿರಿದಾಗಿತ್ತು. ಮುಂದೆ ಗಾಜಿನ ಕಪಾಟು, ನಡುವೆ ಪರೀಕ್ಷೆಯ ಕುರ್ಚಿ, ಹಿಂದೆ ಗಾಜು ಉಜ್ಜುವ ಯಂತ್ರ. ಅವನು ಎತ್ತರದ ಸ್ಟೂಲಿನ ಮೇಲೆ ಕೂತು, ಅಕ್ಕಿಕಾಳಿಗಿಂತ ಸಣ್ಣ ತಿರುಪುಗಳನ್ನು ಚಿಮಟದಲ್ಲಿ ಹಿಡಿದು ಕೂರಿಸುತ್ತಿದ್ದ. ಆಗ ಉಸಿರು ಬಿಗಿಹಿಡಿಯುತ್ತಿದ್ದ. ನೋಡುತ್ತಿದ್ದ ಅವಳೂ ಹಿಡಿಯುತ್ತಿದ್ದಳು.

ಅವನ ತಾಯಿಯ ಕನ್ನಡಕ ಕೊರಳಿನ ದಾರದಲ್ಲೇ ನೇತಾಡುತ್ತಿತ್ತು. ದಿನಕ್ಕೆ ನಾಲ್ಕು ಸಲ ಅದು ಕಾಣೆಯಾಗುತ್ತಿತ್ತು.

"ಇಲ್ಲೇ ಇಟ್ಟಿದ್ದೆ ಕಣೋ. ಯಾರು ತೆಗೆದ್ರು?"

"ಕೊರಳು ನೋಡ್ಕೋ ಅಮ್ಮ."

"ಕನ್ನಡಕದಂಗಡಿಯವನ ತಾಯಿ ಕನ್ನಡಕ ಇಲ್ಲದೆ ಸಾಯ್ಬೇಕು..."

"ಅಮ್ಮ, ಕೊರಳು."

ಸಂಜೆ ನಾಲ್ಕಕ್ಕೆ ಅವನ ಅಕ್ಕನ ಮಗಳು ಶಾಲೆಯಿಂದ ಬರುತ್ತಿದ್ದಳು. ಏಳು ವರ್ಷ. ಬಾಯಿ ಬಿಟ್ಟರೆ ಮುಚ್ಚದ ಹುಡುಗಿಯಾದ್ದರಿಂದ ಎಲ್ಲರೂ ಚಿನಕುರಳಿ ಎನ್ನುತ್ತಿದ್ದರು.

ಎರಡನೆಯ ತಿಂಗಳಲ್ಲಿ ಒಂದು ದಿನ ತಿರುಪೊಂದು ಚಿಮಟದಿಂದ ಹಾರಿತು. ಅವನು ನೆಲಕ್ಕೆ ಬಗ್ಗಿದ. ಅವಳೂ ಬಗ್ಗಿದಳು. ಇಬ್ಬರೂ ಮಂಡಿಯೂರಿ, ಅವಳ ಹೊಸ ಕನ್ನಡಕ ನೆಲಕ್ಕೆ ಮುಟ್ಟುವಷ್ಟು ಬಗ್ಗಿ, ಕಪಾಟಿನ ಕೆಳಗೆಲ್ಲ ಹುಡುಕಿದರು.

"ಅಲ್ಲಾಡಬೇಡ... ಅಲ್ಲೇ ಇದೆ ನೋಡು, ನಿನ್ನ ಮಂಡಿ ಹತ್ರ," ಎಂದ ಅವನು. ಎಂದವನು ಗಕ್ಕನೆ ಮಾತು ನಿಲ್ಲಿಸಿದ. "ಅಂದ್ರೆ... ನಿಮ್ಮ."

"ಮೊದಲು ಅಂದಿದ್ದೇ ಇರ್ಲಿ," ಎಂದಳು.

ಇದನ್ನು ಅವಳು ಬರೆದುಕೊಂಡು ಬಂದಿರಲಿಲ್ಲ. ಎಲ್ಲಿಂದ ಬಂತೋ ಆ ಮಾತು! ಮನೆಗೆ ಹೋಗುವ ದಾರಿಯುದ್ದಕ್ಕೂ ಅದೇ ಯೋಚನೆಯಾಯಿತು.

ಪುಸ್ತಕದ ಕೆಲಸ ಅರ್ಧಕ್ಕೆ ಬಂದಿತ್ತು. ಕಿವಿಗೆ ಸಿಕ್ಕಿಸುವ ಒಂದೇ ಕಡ್ಡಿಯ ಕನ್ನಡಕವೊಂದು ತನಗೆ ಹೊಂದುವ ಇನ್ನೊಂದು ಕಡ್ಡಿಗಾಗಿ ಅಂಗಡಿಯೆಲ್ಲ ಅಲೆಯುವ ಕತೆ. ದಾರದಲ್ಲಿ ನೇತಾಡುತ್ತ ಎಲ್ಲರನ್ನೂ ಗದರಿಸುವ ಅಜ್ಜಿ ಕನ್ನಡಕ. ಬಾಯಿ ಮುಚ್ಚದ ಪುಟಾಣಿ ಫ್ರೇಮು. ಗೊರಕೆ ಹೊಡೆಯುವ ಗಾಜುಜ್ಜುವ ಯಂತ್ರ. ಶನಿವಾರದ ಓದಿನಲ್ಲಿ ಒಂದು ಕಾಲೂ ಅಲ್ಲಾಡಿರಲಿಲ್ಲ.

ಅವನು ಮದುವೆಯ ಮಾತೆತ್ತಿದ್ದು ಆಗಲೇ. ಯಾರದೋ ಕನ್ನಡಕಕ್ಕೆ ಮೂಗಿನ ಮೇಲೆ ಕೂರುವ ಪುಟ್ಟ ಗುಂಡಿ ಕೂರಿಸುತ್ತ, ತಲೆಯೆತ್ತದೆ ಹೇಳಿದ.

"ಅಮ್ಮನಿಗೆ ಗೊತ್ತು. ಅಕ್ಕನಿಗೆ ಗೊತ್ತು. ಚಿನಕುರಳಿಗೆ ಗೊತ್ತು, ಅಂದ್ಮೇಲೆ ಅವಳ ಶಾಲೆಗೇ ಗೊತ್ತು. ನಿನಗೊಬ್ಬಳಿಗೆ ಹೇಳಿಲ್ಲ ಅಷ್ಟೆ."

"ಏನನ್ನ?"

"ನಾವು ಮದುವೆ ಆದ್ರೆ ಚೆನ್ನಾಗಿರುತ್ತೆ ಅಂತ."

ಅವಳ ಒಳಗೆ ಉತ್ತರ ಆಗಲೇ ಇತ್ತು. ಆದರೆ ಅದು ಬರೀ ಇತ್ತು. ವಾಕ್ಯವಾಗಿರಲಿಲ್ಲ. ಇಂಥ ಪ್ರಶ್ನೆಗೆ ಕೈಗೆ ಸಿಕ್ಕ ಮೊದಲ ಮಾತನ್ನು ಕೊಡುವುದು ಹೇಗೆ?

"ಪುಸ್ತಕ ಮುಗೀಲಿ... ಆಮೇಲೆ ಹೇಳ್ತೀನಿ," ಎಂದಳು.

"ಸರಿ," ಎಂದ ಅವನು.

ಅವಳು ಹೊರಟ ಮೇಲೆ ತಾಯಿ ಮಗನನ್ನು ಕೇಳಿದರು. "ಇದೇನೋ, ಹೂಂ ಅಂದಳಾ, ಊಹೂಂ ಅಂದಳಾ?"

"ಪುಸ್ತಕದಲ್ಲಿ ಬರೀತಾಳೆ ಅಮ್ಮ. ಚೀಟಿ ಇಲ್ಲದೆ ನಮಸ್ಕಾರ ಕೂಡ ಹೇಳೋಳಲ್ಲ ಅವಳು. ಇಂಥ ಮಾತು ಬಾಯಲ್ಲಿ ಬರುತ್ತಾ? ಉತ್ತರ ಪುಸ್ತಕದಲ್ಲೇ ಇರುತ್ತೆ."

ಅವನ ಈ ತರ್ಕದಲ್ಲಿ ಲೋಪವೇನೂ ಇರಲಿಲ್ಲ. ಅವಳನ್ನು ಅಷ್ಟು ಚೆನ್ನಾಗಿ ಗಮನಿಸಿದ್ದ. ತಪ್ಪಿದ್ದೂ ಅದರಿಂದಲೇ.

*

ಅಂದಿನಿಂದ ನೋಟ್‌ಬುಕ್ಕಿನ ಕೊನೆಯ ಹಾಳೆಗಳಲ್ಲಿ ಅವಳು ಒಪ್ಪಿಗೆಯನ್ನು ಬರೆಯತೊಡಗಿದಳು. ಮೊದಲನೆಯದು ಒಂದೇ ಪದ, 'ಹೂಂ'. ಇಷ್ಟೇನಾ ಅನ್ನಿಸಿತು. ಎರಡನೆಯದು ಒಂದೂವರೆ ಪುಟ. ಅದನ್ನು ಓದಿದಾಗ ಅವಳ ಕಾಲೇ ತೂಗಾಡಿತು. ಒಂದರಲ್ಲಿ ಭಾವ ಹೆಚ್ಚು, ಒಂದರಲ್ಲಿ ಬಿಂಕ ಹೆಚ್ಚು. ಪುಸ್ತಕ ಅಚ್ಚಿಗೆ ಹೋಗುವ ಹೊತ್ತಿಗೆ ಹನ್ನೊಂದಾಗಿದ್ದವು. ಯಾವುದೂ ಸರಿಬರಲಿಲ್ಲ.

ಅದಕ್ಕೆ ಮೊದಲೇ ಸಂಪಾದಕಿಯ ಫೋನ್ ಬಂದಿತ್ತು. ಆಕೆ ಹಿರಿಯಳು, ಇವಳ ಆರು ಪುಸ್ತಕಗಳನ್ನು ತಿದ್ದಿದವಳು.

"ಕತೆ ಚೆನ್ನಾಗಿದೆ ಕಣೇ. ಆದ್ರೆ ಒಂದು ತೂತಿದೆ. ಅಂಗಡಿ ಅಂದ್ಮೇಲೆ ಮಾಲೀಕ ಬೇಕಲ್ಲ? ಎಲ್ಲಿ ಅವನು?"

"ಇಲ್ಲ ಅಕ್ಕ... ಬೇಡ."

"ಬೇಡ ಅಂದ್ರೆ? ಬಾಗಿಲು ತೆಗೆಯೋರು ಯಾರು? ಮಕ್ಕಳು ಕೇಳ್ತಾರೆ."

"ಬಾಗಿಲಿಗೆ 'ಈಗ ಬರುತ್ತೇನೆ' ಅಂತ ಬೋರ್ಡ್ ಹಾಕ್ತೀನಿ. ಸ್ಟೂಲ್ ಖಾಲಿ ಇರ್ಲಿ."

"ಕೊನೇವರೆಗೂ?"

"ಕೊನೇವರೆಗೂ."

ಸಂಪಾದಕಿ ನಿಟ್ಟುಸಿರಿಟ್ಟು ಒಪ್ಪಿದಳು. ಕಾರಣ ಕೇಳಲಿಲ್ಲ. ಕೇಳಿದ್ದರೂ ಇವಳು ಹೇಳುತ್ತಿರಲಿಲ್ಲ. ಅದನ್ನು ಯಾರಿಗೂ ಹೇಳಿರಲಿಲ್ಲ.

ಅವಳ ಮೊದಲ ಪುಸ್ತಕದಲ್ಲಿ ಅಪ್ಪ ಇದ್ದರು. ದರ್ಜಿಯಾಗಿದ್ದ ಅಪ್ಪ ತೀರಿಕೊಂಡ ವರ್ಷ ಬರೆದದ್ದು ಅದು. ಅವರನ್ನು ಬಟ್ಟೆ ಹೊಲಿಯುವ ಕರಡಿ ಮಾಡಿದ್ದಳು. ಸೂಜಿಗೆ ದಾರ ಪೋಣಿಸುತ್ತ ಆ ಕರಡಿ ಮೆಲ್ಲಗೆ ಗುನುಗುತ್ತಿತ್ತು. ಮಕ್ಕಳಿಗೆ ಕರಡಿಯೆಂದರೆ ಪ್ರಾಣ. ಪುಸ್ತಕ ಐದು ಸಲ ಅಚ್ಚಾಯಿತು.

ಒಂದು ದಿನ ಅವಳು ಅಮ್ಮನಿಗೆ ಹೇಳಿದಳು, ಅಪ್ಪ ಗುನುಗ್ತಿದ್ದಿದ್ದು ಇವತ್ತು ತುಂಬ ನೆನಪಾಯ್ತು ಎಂದು.

ಅಮ್ಮ ವಿಚಿತ್ರವಾಗಿ ನೋಡಿದರು. "ನಿಮ್ಮಪ್ಪ ಯಾವತ್ತು ಗುನುಗಿದ್ರು? ಹೊಲಿಯುವಾಗ ತುಟಿ ಪಿಟ್ ಅಂತಿರಲಿಲ್ಲ. ಗುನುಗೋದು ನಿನ್ನ ಕರಡಿ."

ಅಂದು ಅವಳು ಕಣ್ಣು ಮುಚ್ಚಿ ಅಪ್ಪನನ್ನು ಹುಡುಕಿದಳು. ಕರಡಿ ಸಿಕ್ಕಿತು. ಅಪ್ಪನ ಕೈ ನೆನೆದರೆ ಚಿತ್ರಕಾರ ಬರೆದ ಪಂಜ ಬಂತು. ಅಪ್ಪನ ದನಿ ನೆನೆದರೆ ತಾನೇ ಬರೆದ ಮಾತು ಕೇಳಿಸಿತು. ಬರೆದು ಬರೆದು ಅವರನ್ನು ಮುಗಿಸಿಬಿಟ್ಟಿದ್ದಳು.

ಅಲ್ಲಿಂದ ಒಂದೇ ಒಂದು ನಿಯಮ. ಇಷ್ಟವಾದವರನ್ನು ಬರೆಯಬಹುದು. ಕಳೆದುಕೊಂಡರೆ ತಾಳಲಾರೆ ಅನ್ನಿಸುವವರನ್ನು ಬರೆಯಬಾರದು.

*

ಪುಸ್ತಕ ಬಂದದ್ದು ಶುಕ್ರವಾರ. ಮೊದಲ ಪ್ರತಿಯನ್ನು ಅವಳು ಅಂಗಡಿಗೆ ಕಳಿಸಿಕೊಟ್ಟಳು. ಸೋಮವಾರ ತಾನೇ ಹೋಗಿ, ಹನ್ನೆರಡನೆಯ ಸಲ ಬರೆದ ಉತ್ತರವನ್ನು ಹೇಳುವುದೆಂದು ನಿಶ್ಚಯಿಸಿದ್ದಳು.

ಅಂಗಡಿಯಲ್ಲಿ ಅದನ್ನು ಮೂರು ಸಲ ಓದಲಾಯಿತು. ಮೊದಲು ತಾಯಿ ಗಟ್ಟಿಯಾಗಿ ಓದಿದರು, ಅಜ್ಜಿ ಕನ್ನಡಕ ಬಂದಲ್ಲೆಲ್ಲ ಎರಡೆರಡು ಸಲ. "ನೋಡೋ, ನಾನೇ ಇದು. ಎಷ್ಟು ಚೆನ್ನಾಗಿ ಬೈಸಿದ್ದಾಳೆ ನನ್ನ ಕೈಲಿ." ಆಮೇಲೆ ಚಿನಕುರಳಿ ಓದಿದಳು. ಕೊನೆಗೆ ಅವನೊಬ್ಬನೇ, ನಿಧಾನವಾಗಿ, ಒಂದೊಂದು ಚಿತ್ರದಲ್ಲೂ ಬೆರಳಿಟ್ಟು.

ಯಂತ್ರವಿತ್ತು. ಚಿಮಟವಿತ್ತು. ಹಾರಿಹೋದ ತಿರುಪು ಕೂಡ ಇತ್ತು. ಸ್ಟೂಲು ಪುಟಪುಟದಲ್ಲೂ ಖಾಲಿ.

"ಮಾವ," ಎಂದಳು ಚಿನಕುರಳಿ, "ಎಲ್ಲರೂ ಇದ್ದಾರೆ. ನೀನು ಯಾವ ಪುಟದಲ್ಲಿದ್ದೀಯ?"

ಅವನು ಪುಸ್ತಕ ಮುಚ್ಚಿದ.

"ನಾನಿಲ್ಲ ಪುಟ್ಟಿ."

"ಬೋರ್ಡ್ ಹಾಕ್ಬಿಟ್ಟು ಎಲ್ಲಿಗೆ ಹೋದೆ?"

ಅವನು ಪುಸ್ತಕವನ್ನು ಕಪಾಟಿನಲ್ಲಿಟ್ಟ. ಐದು ತಿಂಗಳು ಕಾದಿದ್ದ ಉತ್ತರ ಸಿಕ್ಕಿತ್ತು.

*

ಸೋಮವಾರ ಅವಳು ಹೋದಾಗ ಮೂಲೆಯ ಕುರ್ಚಿಯ ಮೇಲೆ ಫ್ರೇಮುಗಳ ಪೆಟ್ಟಿಗೆಗಳನ್ನು ಪೇರಿಸಲಾಗಿತ್ತು.

"ಬನ್ನಿ ಮೇಡಂ," ಎಂದ ಅವನು.

ಮೇಡಂ... ಅವಳ ಬೆರಳುಗಳು ಚೀಟಿಯ ಸುತ್ತ ಬಿಗಿದವು. ಅದರಲ್ಲಿ ಮೊದಲ ಸಾಲು 'ಪುಸ್ತಕ ಇಷ್ಟವಾಯಿತಾ?' ಎಂದಿತ್ತು. ಬೇರೆ ಮಾತು ತೋಚದೆ ಅದನ್ನೇ ಹೇಳಿದಳು.

"ಪುಸ್ತಕ ಇಷ್ಟವಾಯಿತಾ?"

"ಚೆನ್ನಾಗಿದೆ. ಅಮ್ಮನಿಗೆ ತುಂಬ ಖುಷಿ." ಅವನ ಕೈ ಕೆಲಸ ನಿಲ್ಲಿಸಲಿಲ್ಲ. "ಕುರ್ಚಿ ಖಾಲಿ ಇತ್ತು ಅಂತ ಪೆಟ್ಟಿಗೆ ಇಟ್ಟೆ. ನಿಮ್ಮ ಕೆಲಸ ಮುಗೀತಲ್ಲ."

"ನಾನು... ಉತ್ತರ..."

"ಓದಿದೆ. ಅರ್ಥ ಆಯ್ತು. ಬೇಜಾರು ಮಾಡ್ಕೋಬೇಡಿ, ನಾನೂ ಮಾಡ್ಕೊಂಡಿಲ್ಲ."

ಏನನ್ನು ಓದಿದ? ಚೀಟಿ ತನ್ನ ಕೈಯಲ್ಲೇ ಇದೆಯಲ್ಲ? ಅವಳು ಚೀಟಿ ನೋಡಿದಳು. ಅಲ್ಲಿದ್ದ ಸಾಲುಗಳಲ್ಲಿ ಒಂದೂ ಈ ಮುಖಕ್ಕೆ ಹೇಳುವಂಥದ್ದಾಗಿರಲಿಲ್ಲ. ಗಿರಾಕಿಯೊಬ್ಬರು ಒಳಬಂದರು. ಅವಳು ದಾರಿ ಬಿಟ್ಟು ನಿಂತಳು, ಹಾಗೇ ಹೊರಗೆ ನಡೆದಳು.

ಮನೆ ಸೇರಿ, ಅಡುಗೆಮನೆಯ ಮೇಜಿನ ಮುಂದೆ ಕೂತು, ಪುಸ್ತಕ ತೆರೆದಾಗಲೇ ಅವಳಿಗೆ ಹೊಳೆದದ್ದು. ಅವನ ಕಣ್ಣಿನಿಂದ ಮೊದಲ ಸಲ ನೋಡಿದಳು. ಹನ್ನೆರಡು ಚಿತ್ರ, ಹನ್ನೆರಡರಲ್ಲೂ ಖಾಲಿ ಸ್ಟೂಲು.

ಅಯ್ಯೋ... ಇದನ್ನೇ ಉತ್ತರ ಅಂದುಕೊಂಡನಾ?

ಪಕ್ಕದಲ್ಲಿ ಬೀನ್ಸ್ ಬಿಡಿಸುತ್ತಿದ್ದ ಅಮ್ಮ ಮಗಳ ಮುಖ ನೋಡಿದರು. "ಏನಾಯ್ತೇ?"

ಅವಳು ಹೇಳಿದಳು. ನಿಯಮ, ಕರಡಿ, ಅಪ್ಪ, ಎಲ್ಲವನ್ನೂ. ಹದಿಮೂರು ವರ್ಷದಲ್ಲಿ ಮೊದಲ ಸಲ.

ಅಮ್ಮ ಇನ್ನೊಂದು ಬೀನ್ಸಿನ ನಾರು ತೆಗೆದರು.

"ಎಡಗೈ ಹೆಬ್ಬೆರಳಲ್ಲಿ ಸೂಜಿ ಚುಚ್ಚಿದ ಗಾಯ ಇರ್ತಿತ್ತು ಅವರಿಗೆ," ಎಂದರು. "ಸಿಟ್ಟು ಬಂದ್ರೆ ಊಟದ ತಟ್ಟೆ ತಗೊಂಡು ಮೆಟ್ಟಿಲ ಮೇಲೆ ಹೋಗಿ ಕೂರ್ತಿದ್ರು. ಕರಡಿ ಹಾಗೆ ಮಾಡುತ್ತಾ?"

"ಇಲ್ಲ."

"ಮತ್ತೆ ಅದು ನಿಮ್ಮಪ್ಪ ಹೇಗಾಗುತ್ತೆ? ನನ್ನ ಕೇಳಿದ್ರೆ ನಾನು ಹೇಳ್ತಿದ್ದೆ. ಕೇಳಿದ್ದೀಯಾ ಒಂದಿನಾದ್ರೂ? ಚೀಟಿಗೆ ಹೇಳ್ಕೋತೀಯ, ನೋಟ್‌ಬುಕ್ಕಿಗೆ ಹೇಳ್ಕೋತೀಯ." ಬಟ್ಟಲನ್ನು ಪಕ್ಕಕ್ಕಿಟ್ಟರು. "ಆ ಹುಡುಗನಿಗೆ ಹೇಳಿದ್ದೀಯಾ ಇದನ್ನ?"

"ಇಲ್ಲ ಅಮ್ಮ."

"ಮತ್ತೆ ಅವನಿಗೇನು ಕನಸು ಬೀಳುತ್ತಾ?"

ಅವಳು ಅಭ್ಯಾಸಬಲದಿಂದ ಪೆನ್ಸಿಲಿಗೆ ಕೈ ಹಾಕಿದಳು. ಅಮ್ಮ ಪೆನ್ಸಿಲನ್ನು ತೆಗೆದು ಬೀನ್ಸಿನ ನಾರಿನ ಜೊತೆ ತಮ್ಮ ಮಡಿಲಿಗೆ ಹಾಕಿಕೊಂಡರು.

"ಹಾಗೇ ಹೋಗು."

*

ಅಂಗಡಿಯಲ್ಲಿ ಪರೀಕ್ಷೆ ನಡೆಯುತ್ತಿತ್ತು. ಕುರ್ಚಿಯಲ್ಲಿ ನಿವೃತ್ತ ಗಣಿತ ಮೇಷ್ಟ್ರು, ಮೂಗಿನ ಮೇಲೆ ದಪ್ಪ ಫ್ರೇಮು. ಅವನು ಗಾಜು ಬದಲಿಸುತ್ತಿದ್ದ. ಬಾಗಿಲಲ್ಲಿ ಅವಳನ್ನು ಕಂಡು ಅವನ ಕೈ ಒಂದು ಕ್ಷಣ ನಿಂತಿತು.

"ಸ್ವಲ್ಪ ಕೂತಿರಿ ಮೇಡಂ. ಇವರದ್ದು ಮುಗಿಸಿ..."

ಕೂತರೆ ಮನಸ್ಸು ವಾಕ್ಯ ಕಟ್ಟಲು ಶುರುಮಾಡುತ್ತದೆ. ಅದು ಅವಳಿಗೆ ಗೊತ್ತಿತ್ತು. ನಿಂತೇ ಶುರು ಮಾಡಿದಳು.

"ನೀನು ಪುಸ್ತಕದಲ್ಲಿ ಇಲ್ಲ. ಅದು ಬೇಕೂಂತ. ಅಂದ್ರೆ... ನೀನು ಅಂದ್ಕೊಂಡಿರೋ ಹಾಗಲ್ಲ. ನಮ್ಮಪ್ಪನ್ನ ಬರೆದೆ ನಾನು, ಕರಡಿ ಮಾಡಿ. ಈಗ ಅಪ್ಪ ಇಲ್ಲ. ಸತ್ತು ಹೋಗಿದ್ದಾರೆ ಅಂತಲ್ಲ, ಸತ್ತಿದ್ದಾರೆ ನಿಜ, ಆದ್ರೆ ನೆನಪಲ್ಲೂ... ನೆನೆಸ್ಕೊಂಡ್ರೆ ಕರಡಿ ಬರುತ್ತೆ."

ಎಂಥ ವಾಕ್ಯಗಳಿವು! ಒಂದಕ್ಕೂ ತಲೆಯಿಲ್ಲ, ಬಾಲವಿಲ್ಲ. ಮಕ್ಕಳಿಗೆ ಓದಿದ್ದರೆ ಬೆಂಚೇ ಕುಣಿಯುತ್ತಿತ್ತು. ಆದರೂ ನಿಲ್ಲಿಸಲಿಲ್ಲ.

ಅವನು ಮೇಷ್ಟ್ರ ಕಡೆ ತಿರುಗಿದ. ಕಿವಿಯ ತುದಿ ಕೆಂಪಾಗಿತ್ತು. "ಇದು ಚೆನ್ನಾಗಿ ಕಾಣುತ್ತಾ ಸರ್, ಅದು ಚೆನ್ನಾಗಿತ್ತಾ?"

"ಎರಡೂ ಒಂದೇ," ಎಂದರು ಮೇಷ್ಟ್ರು. "ಆ ಹುಡುಗಿ ಹೇಳೋದು ಕೇಳಪ್ಪ ಮೊದಲು."

"ನಿನ್ನ ಚಿಮಟ ಬರೆದೆ," ಎಂದಳು ಅವಳು. "ಸ್ಟೂಲ್ ಬರೆದೆ. ನಿನ್ನನ್ನ ಬರೆಯೋಕೆ ಹೋದಾಗ ಕೈ ನಿಲ್ಲಿಸಿದೆ. ಬರೆದ್ರೆ ನೀನು ಅಷ್ಟೇ ಆಗ್ತೀಯ, ಎಂಟು ಸಾಲು, ಒಂದು ಚಿತ್ರ. ಆಮೇಲೆ ದಿನಾ ನಿನ್ನ ನೋಡಿದ್ರೂ ನನಗೆ ಅದೇ ಕಾಣುತ್ತೆ. ನನಗೆ ಹಾಗೆ ಬೇಡ."

"ಅಮ್ಮನ್ನ ಹಾಕಿದ್ದೀಯಲ್ಲ," ಎಂದ ಅವನು.

ಮತ್ತೆ ಏಕವಚನ. ಅವಳು ಕೇಳಿಸಿಕೊಂಡಳು.

"ನಿಮ್ಮಮ್ಮ ನನಗಿಷ್ಟ. ಅದು ಬೇರೆ."

"ಕೇಳಿಸ್ತಿದೆ ಕಣಮ್ಮ," ಎಂದು ಹಿಂದಿನಿಂದ ತಾಯಿಯ ದನಿ ಬಂತು. "ಪರವಾಗಿಲ್ಲ, ಹೇಳು."

ಅವನು ಕೈಯಲ್ಲಿದ್ದ ಗಾಜನ್ನು ಪೆಟ್ಟಿಗೆಯಲ್ಲಿಟ್ಟ. ಸರಿಯಾದ ಗೂಡಿನಲ್ಲಿ ಇಡಲಿಲ್ಲ.

"ಐದು ತಿಂಗಳು ಕಾಯಿಸಿದೆ," ಎಂದ. "ಒಂದು ಮಾತು ಹೇಳೋಕೆ ಏನಾಗಿತ್ತು?"

"ಹನ್ನೆರಡು ಸಲ ಬರೆದೆ."

"ಏನನ್ನ?"

"ಹೂಂ ಅನ್ನೋದನ್ನ."

ಮೇಷ್ಟ್ರು ಖೊಳ್ಳನೆ ನಕ್ಕರು. "ಹನ್ನೆರಡು ಸಲ ಒಂದೇ ಉತ್ತರ ಬಂದ್ರೆ ಅದು ಸರಿ ಅಂತಲೇ ಲೆಕ್ಕ."

ಅವನು ನಗಲಿಲ್ಲ. ಹತ್ತಿರ ಬಂದು ನಿಂತ. "ಪುಸ್ತಕ ಓದಿದಾಗ... ಈ ಅಂಗಡಿಯಲ್ಲಿ ನಾನೊಬ್ಬನೇ ನಿನಗೆ ಕಾಣಿಸಲಿಲ್ಲ ಅಂದ್ಕೊಂಡೆ. ಮೂರು ದಿನ ಸರಿಯಾಗಿ ಕೆಲಸ ಆಗ್ಲಿಲ್ಲ. ಒಬ್ಬರಿಗೆ ಎಡಗಣ್ಣಿನ ಗಾಜು ಬಲಕ್ಕೆ ಹಾಕಿ ಕಳಿಸಿದ್ದೀನಿ."

"ತಪ್ಪು ನಂದು. ನಾನು ಹೇಳಬೇಕಿತ್ತು."

"ನಾನೂ ಕೇಳಬೇಕಿತ್ತು. ಪುಸ್ತಕದಲ್ಲಿ ಹುಡುಕ್ತಾ ಕೂತೆ. ಈಗ ಹೇಳು. ಹದಿಮೂರನೇದು."

ಅವಳ ಬಳಿ ಚೀಟಿಯಿರಲಿಲ್ಲ, ಪೆನ್ಸಿಲಿರಲಿಲ್ಲ.

"ಹೂಂ," ಎಂದಳು.

ಹಿಂದೆ ಅವನ ತಾಯಿ ಕಣ್ಣೊರೆಸಿಕೊಳ್ಳಲು ಕನ್ನಡಕ ತೆಗೆದು, ಅದನ್ನು ಎಲ್ಲಿಟ್ಟೆನೆಂದು ಹುಡುಕತೊಡಗಿದರು. ಮೇಷ್ಟ್ರು ಫಲಕದ ಕಡೆ ಮುಖ ಮಾಡಿ, ಯಾರೂ ಕೇಳದಿದ್ದರೂ ಒಂದೊಂದೇ ಅಕ್ಷರ ಓದತೊಡಗಿದರು.

ಅವನು ಅವಳ ಕೈ ಹಿಡಿದ. ಈ ಸಲ ತಾಕದಂತೆ ಎಚ್ಚರ ವಹಿಸಲಿಲ್ಲ.

"ನನಗೊಂದು ಮಾತು ಕೊಡ್ತೀಯಾ?"

"ಏನು?"

"ಇನ್ಮೇಲೂ ನನ್ನನ್ನ ಯಾವ ಪುಸ್ತಕದಲ್ಲೂ ಹಾಕಬಾರದು."

"ಹಾಕಲ್ಲ."

"ಎಷ್ಟೇ ಜಗಳ ಆದ್ರೂ?"

ಅವಳು ಪ್ರಾಮಾಣಿಕವಾಗಿ ಯೋಚಿಸಿದಳು. ಮಾತು ಕೊಡುವಾಗ ಎಚ್ಚರವಿರಬೇಕು.

"ಜಗಳ ಆದ್ರೆ... ಯಾವುದಾದ್ರೂ ಕಳ್ಳನಿಗೆ ನಿನ್ನ ಮೀಸೆ ಇಡಬಹುದು. ಅಷ್ಟೇ."

"ಹಾಗಾದ್ರೆ ಇವತ್ತೇ ಮೀಸೆ ತೆಗೆಸ್ತೀನಿ."

"ಬೇಡ," ಎಂದಳು ಅವಳು. "ನಾನಿನ್ನೂ ಸರಿಯಾಗಿ ನೋಡಿಲ್ಲ."